ಒಂದು ಮೀಸೆ, ಒಂದು ಜುಟ್ಟು, ಒಂದು ಮೌಸು

ಹೆಂಡತಿ: ಇದು ನನ್ನ ಮೇಜು ಕಣ್ರೀ! ಪರದೆ ಕತ್ತರಿಸೋ ಮೇಜು! ಇದರ ಮೇಲೆ ಪೌಡರ್ ಯಾಕ್ರೀ ಸುರಿದಿದ್ದೀರಿ?

ಗಂಡ: ಸುರಿದಿಲ್ಲ ಕಣೇ, ಸವರಿದ್ದೀನಿ. ಮೌಸು ಜಾರ್ಬೇಕಲ್ಲ.

ಹೆಂಡತಿ: ಮೌಸು ಜಾರ್ಲಿ ಅಂತ ನನ್ನ ಕೆಲಸ ಹಾಳು ಮಾಡ್ತೀರಾ? ನೀಲಿ ಬಟ್ಟೆ ಹಾಸಿ ಎತ್ತಿದ್ರೆ ಹಿಟ್ಟಿನ ಡಬ್ಬಕ್ಕೆ ಬಿದ್ದ ಬೆಕ್ಕಿನ ಹಾಗಾಗಿದೆ. ಪರದೆ ಹೊಲಿಯೋಕೆ ಕೊಟ್ಟೋರಿಗೆ ಏನ್ ಹೇಳ್ಲಿ ನಾನು?

ಗಂಡ: ಆಕಾಶದಲ್ಲಿ ಮೋಡ ಅಂತ ಹೇಳು. ಹೊಸ ಡಿಸೈನು.

ಹೆಂಡತಿ: ನಿಮ್ಮ ಡಿಸೈನಿಗಿಷ್ಟು ಬೆಂಕಿ ಹಾಕ. ಇಲ್ಲಿ ಎರಡು ಗಾಜಿನ ಲೋಟ ಇಟ್ಟಿದ್ದೆನಲ್ಲ, ಎಲ್ಲಿ?

ಗಂಡ: ಕೆಳಗಿವೆ.

ಹೆಂಡತಿ: ಕೆಳಗೆ ಅಂದ್ರೆ?

ಗಂಡ: ಒಂದು ಕೆಳಗಿದೆ. ಇನ್ನೊಂದು ಕೆಳಗೆಲ್ಲಾ ಇದೆ.

ಹೆಂಡತಿ ಕತ್ತರಿ ಹಿಡಿದ ಕೈಯನ್ನು ಹಾಗೇ ಸೊಂಟಕ್ಕಿಟ್ಟು ನಿಂತಳು. ಆಕೆ ಹಾಗೆ ನಿಂತಳೆಂದರೆ ಮನೆಯ ಗೋಡೆ ಗಡಿಯಾರವೂ ಒಂದು ಕ್ಷಣ ಯೋಚಿಸಿ ಮುಂದಿನ ಟಿಕ್ ಹೇಳುತ್ತಿತ್ತು.

ಬೀದಿಯ ಕಡೆಗೆ ಸಲೂನು, ಹಿಂದೆ ಮನೆ, ನಡುವೆ ಆಕೆಯೇ ಹೊಲಿದು ಇಳಿಬಿಟ್ಟ ಹೂವಿನ ಪರದೆ. ಪರದೆಯಾಚೆ ಗಂಡನ ರಾಜ್ಯ: ಕನ್ನಡಿ, ತಿರುಗುವ ಕುರ್ಚಿ, ಪೌಡರ್ ಡಬ್ಬ. ಈಚೆ ಆಕೆಯದು: ಹೊಲಿಗೆ ಯಂತ್ರ, ಒಲೆ, ಈ ಉದ್ದನೆಯ ಮೇಜು. ಇಷ್ಟು ವರ್ಷ ಗಡಿ ದಾಟದೆ ಬಾಳಿದ್ದ ಮನುಷ್ಯ, ಆಕೆಯ ತಮ್ಮ ತನ್ನ ಹಳೇ ಕಂಪ್ಯೂಟರು ತಂದು ಈ ಮೇಜಿನ ಮೇಲೆ ಕೂರಿಸಿದ್ದೇ ತಡ, ದಂಡು ಕಟ್ಟಿಕೊಂಡವನಂತೆ ಒಳಗೆ ನುಗ್ಗಿದ್ದ.

ಅದರಲ್ಲೊಂದು ಆಟ. ಒಂದು ಎತ್ತರದ ಕಟ್ಟಡ, ಮೈತುಂಬ ಕಿಟಕಿ. ಕಿಟಕಿಯಲ್ಲಿ ಕಳ್ಳ ತಲೆ ಹಾಕುತ್ತಾನೆ. ಕೂಡಲೇ ಮೌಸು ಸರಿಸಿ, ಬಾಣದ ಗುರುತನ್ನು ಅವನ ಮೂತಿಯ ಮೇಲೆ ತಂದು ಗುಂಡಿ ಒತ್ತಿದರೆ ಟೊಮೇಟೊ ಹೋಗಿ ಪಚಕ್ಕೆಂದು ಬಡಿಯುತ್ತದೆ. ತಡವಾದರೆ ಕಳ್ಳ ನಾಲಿಗೆ ಚಾಚಿ ಮಾಯ. ನಡುನಡುವೆ ಒಬ್ಬ ಅಜ್ಜಿ ಹೂಕುಂಡಕ್ಕೆ ನೀರು ಹಾಕಲು ಬರುತ್ತಾಳೆ. ಆಕೆಗೇನಾದರೂ ಬಡಿದರೆ ಹೊಡೆದ ಕಳ್ಳರ ಲೆಕ್ಕದಲ್ಲಿ ಒಂದು ಕಡಿಮೆ.

ಹಿಂದಿನ ವಾರ ತಮ್ಮ, 'ಭಾವ, ನಿಮ್ಮ ಕೈಗೆ ವಯಸ್ಸಾಯ್ತು' ಅಂದುಬಿಟ್ಟಿದ್ದ. ಹುಟ್ಟಿದಾರಭ್ಯ ಊರಿನವರ ಕುತ್ತಿಗೆಯ ಮೇಲೆ ಕತ್ತಿ ಆಡಿಸಿದರೂ ಒಂದು ಗೀರು ಬೀಳಿಸದ ಕೈ ಅದು. ಗಂಡನಿಗೆ ರೇಗಿಹೋಯಿತು. ಪಣ ಕಟ್ಟಿಯೇಬಿಟ್ಟರು. ಭಾವ ಸೋತರೆ ಭಾವನ ಮೀಸೆ ಹೋಗಬೇಕು. ತಮ್ಮ ಸೋತರೆ ಬೆನ್ನ ಮೇಲೆ ಇಳಿಬಿಟ್ಟ ಅವನ ಜುಟ್ಟು ಹೋಗಬೇಕು. ಪಂದ್ಯ ಇವತ್ತು ಸಂಜೆ.

ಮೀಸೆಯೆಂದರೆ ಸಾಮಾನ್ಯದ ಮೀಸೆಯಲ್ಲ. ಎರಡೂ ತುದಿ ಮೇಲಕ್ಕೆ ತಿರುವಿ, ಎಣ್ಣೆ ಹಚ್ಚಿ, ಸಲೂನಿನ ಬೋರ್ಡಿನ ಮೇಲೂ ಬರೆಸಿಟ್ಟ ಮೀಸೆ. ಹೆಂಡತಿಗೆ ಅದನ್ನು ಕಂಡರೆ ಮದುವೆಯಾದ ಹೊಸದರಿಂದಲೂ ಆಗದು. ಮಾಡಿಕೊಟ್ಟ ಚಹಾದಲ್ಲಿ ಅರ್ಧ ಗಂಡನ ಹೊಟ್ಟೆಗೆ, ಅರ್ಧ ಮೀಸೆಗೆ.

ಹೆಂಡತಿ: ಅಂಗೈಯಷ್ಟು ಮೌಸಿಗೆ ಇಷ್ಟುದ್ದ ಮೇಜು ಯಾಕೆ ಬೇಕು ಅಂತ?

ಗಂಡ: ಅದರ ವೇಗ ಇಳಿಸಿದ್ದೀನಿ ಕಣೇ. ವೇಗ ಜಾಸ್ತಿ ಇದ್ರೆ ಕೈ ಒಂಚೂರು ಅಲ್ಲಾಡಿದ್ರೂ ಬಾಣ ಕಟ್ಟಡ ದಾಟಿ ಓಡಿಹೋಗುತ್ತೆ. ವೇಗ ಇಳಿಸಿದ್ರೆ ಹೇಳಿದ ಕಡೆ ನಿಲ್ಲುತ್ತೆ. ಆದ್ರೆ ಆ ತುದಿಯಿಂದ ಈ ತುದಿಗೆ ಬರೋಕೆ ಇಡೀ ತೋಳು ಬೀಸ್ಬೇಕು.

ಹೆಂಡತಿ: ಬೇಗ ಹೊಡೀಬೇಕು ಅಂತ ವೇಗ ಇಳಿಸೋದಾ?

ಗಂಡ: ಹೂಂ.

ಹೆಂಡತಿ: ಬಸ್ಸು ಹೊರಟುಹೋಗುತ್ತೆ ಅಂತ ಹಾಸಿಗೆ ಹಾಸ್ಕೊಂಡ ಹಾಗೆ.

ಗಂಡ: ನಿನಗೆ ತಿಳಿಯಲ್ಲ ಸುಮ್ನಿರು. ಮೊದಲು ಸರಿಯಾಗಿ ಹೊಡೆಯೋದು ಕಲೀಬೇಕು, ಆಮೇಲೆ ಬೇಗ ಹೊಡೆಯೋದು. ಸಣ್ಣ ಕೆಲಸಕ್ಕೆ ಮಣಿಕಟ್ಟು, ದೊಡ್ಡ ಕೆಲಸಕ್ಕೆ ಮೊಣಕೈ. ಮೌಸನ್ನ ಕೋಳಿಮರಿ ಹಿಡಿದ ಹಾಗೆ ಹಗುರಾಗಿ ಹಿಡೀಬೇಕು. ಬಾಣ ನೋಡಬಾರದು, ಕಳ್ಳನ್ನ ನೋಡ್ಬೇಕು.

ಹೆಂಡತಿ: ಇದೆಲ್ಲ ಹೇಳಿಕೊಟ್ಟ ಪುಣ್ಯಾತ್ಮ ಯಾರು?

ಗಂಡ: ಇನ್ಯಾರು, ನಿನ್ನ ತಮ್ಮ.

ಹೆಂಡತಿ: ಅಲ್ರೀ, ಸಂಜೆ ನಿಮ್ಮ ಮೀಸೆ ಬೋಳಿಸೋಕೆ ಬರ್ತಿರೋನೇ ನಿಮಗೆ ಮೇಷ್ಟ್ರಾ?

ಗಂಡನ ತೋಳು ಬೀಸಿದಲ್ಲೇ ನಿಂತಿತು. ಇನ್ನೊಂದು ಕೈ ತಾನಾಗಿ ಮೇಲೆದ್ದು ಮೀಸೆ ಇದೆಯೇ ಎಂದು ಮುಟ್ಟಿ ನೋಡಿಕೊಂಡಿತು.

ಗಂಡ: ಸಂಜೆವರೆಗೂ ನನ್ನ ಹತ್ರ ಮಾತಾಡ್ಬೇಡ. ನಾನೂ ಯಾರ ಹತ್ರಾನೂ ಮಾತಾಡಲ್ಲ. ಮೂರು ದಿನದಿಂದ ಅಂಗಡೀಲೂ ಬಾಯಿಗೆ ಬೀಗ ಹಾಕಿದ್ದೀನಿ. ಏಕಾಗ್ರತೆ!

ತುಟಿ ಬಿಗಿದು ಕಂಪ್ಯೂಟರಿನ ಪರದೆಯತ್ತ ಬಾಗಿದ. ಕಳ್ಳ ಬಂದ, ಗಂಡ ತೋಳು ಬೀಸಿದ, ಕಳ್ಳ ನಾಲಿಗೆ ಚಾಚಿ ಹೋದ. ಇನ್ನೊಬ್ಬ ಬಂದ, ಅವನೂ ಹೋದ. ಆಮೇಲೆ ಪಚಕ್!

ಹೆಂಡತಿ: ಅಯ್ಯೋ! ಏನ್ ಮಾಡಿದ್ಲು ಆ ಮುದುಕಿ ನಿಮಗೆ?

ಗಂಡ: ಅಡ್ಡ ಬಂದ್ಲು.

ಹೆಂಡತಿ: ಅವಳ ಮನೆ ಕಿಟಕಿ ಕಣ್ರೀ ಅದು! ಅವಳೇನ್ ನಿಮ್ಮನ್ನ ಕೇಳ್ಕೊಂಡು ಗಿಡಕ್ಕೆ ನೀರು ಹಾಕ್ಬೇಕಾ?

ಅಷ್ಟರಲ್ಲಿ ಸಲೂನಿನ ಬಾಗಿಲು ಧಡಾರೆಂದಿತು. ಬೆಳಿಗ್ಗೆಯಷ್ಟೇ ಕೂದಲು ಕತ್ತರಿಸಿಕೊಂಡು ಹೋಗಿದ್ದ ಬಸ್ ಕಂಡಕ್ಟರು ಹೂವಿನ ಪರದೆ ಸರಿಸಿಕೊಂಡು ನೇರ ಒಳಗೇ ಬಂದ. ಟೋಪಿ ತೆಗೆದ. ಬಲಗಿವಿಯ ಮುಂದೆ ಕೂದಲು ದವಡೆಯವರೆಗೆ ಇಳಿದಿತ್ತು. ಎಡಗಿವಿಯ ಮುಂದೆ ಏನೂ ಇರಲಿಲ್ಲ. ಹಿತ್ತಾಳೆ ಪಾತ್ರೆ ತಿಕ್ಕಿಟ್ಟಂತೆ ಫಳಫಳ.

ಕಂಡಕ್ಟರು: ನೋಡಮ್ಮ, ನೀವೇ ನೋಡಿ! ಮುಂದಿನ ಬಾಗಿಲಲ್ಲಿ ಹತ್ತಿದೋರು ಒಂದು ಮುಖ ನೋಡ್ತಾರೆ, ಹಿಂದಿನ ಬಾಗಿಲಲ್ಲಿ ಹತ್ತಿದೋರು ಇನ್ನೊಂದು ಮುಖ. ಒಬ್ಬ ಅಂತೂ, ಈ ಬಸ್ಸಿಗೆ ಇಬ್ಬರು ಕಂಡಕ್ಟರಾ ಅಂತ ಕೇಳ್ದ!

ಗಂಡ: ಅದೂ... ಮೊಣಕೈಯಿಂದ ಮಾಡ್ದೆ.

ಕಂಡಕ್ಟರು: ಏನಂದ್ರಿ?

ಗಂಡ: ಯಾವಾಗ್ಲೂ ಮಣಿಕಟ್ಟಲ್ಲಿ ಮಾಡ್ತಿದ್ದೆ. ಅಭ್ಯಾಸ ಆಗ್ಲಿ ಅಂತ ಇವತ್ತು ಮೊಣಕೈಯಿಂದ.

ಕಂಡಕ್ಟರು: ನನ್ನ ತಲೇನೇ ಸಿಕ್ಕಿತಾ ಅಭ್ಯಾಸಕ್ಕೆ? ಕೂದಲು ಹೋದ್ರೆ ಹೋಗ್ಲಿ, ಬೆಳಿಯುತ್ತೆ. ನನಗೆ ಹೆದರಿಕೆ ಆಗಿದ್ದು ಅದಕ್ಕಲ್ಲ. ಕೂತ ಕೂಡಲೇ ಶುರು ಮಾಡಿದ್ರೆ ಎದ್ದು ಹೋಗೋವರೆಗೆ ವಾದ ಮಾಡೋ ಮನುಷ್ಯ ನೀವು. ಇವತ್ತು ತುಟಿ ಬಿಚ್ಚಲಿಲ್ಲ! ಕತ್ತಿ ಹಿಡಿದೋರು ಮಾತಾಡದೆ ನಿಂತ್ರೆ ನಾವು ಏನಂತ ತಿಳ್ಕೋಬೇಕು?

ಹೆಂಡತಿ: ಸರಿ, ಆ ಕಡೆಯೂ ತೆಗೆದು ಸಮ ಮಾಡಿ ಕಳಿಸಿ. ಬಸ್ಸಿನ ಜನ ಹೆದರಿ ಇಳಿದುಹೋದ್ರೆ ಇವರ ಗತಿ?

ಕಂಡಕ್ಟರು ತಿರುಗುವ ಕುರ್ಚಿಯ ಅಂಚಿನಲ್ಲಿ ಕೂತ, ಓಡುವುದಕ್ಕೆ ಒಂದು ಕಾಲು ಹೊರಗಿಟ್ಟುಕೊಂಡು. ಕತ್ತಿ ಹಿಡಿದ ಗಂಡನ ಕೈ ಅದುರುತ್ತಿತ್ತು. ಹೆಂಡತಿ ಪರದೆ ಹಿಡಿದು ನಿಂತು ನೋಡಿದಳು. ಕಂಡಕ್ಟರನನ್ನು ನೋಡಿದಾಗಲೆಲ್ಲ ಆಕೆಗೆ ಒಂದೇ ನೆನಪು. ಅದು ತಡೆಯದೆ ಹೊರಗೆ ಬಂತು.

ಹೆಂಡತಿ: ಇವರ ಬಸ್ಸಲ್ಲೇ ಅಲ್ವಾ ನೀವು ಛತ್ರಿ ಬಿಟ್ಟು ಬಂದದ್ದು?

ಗಂಡ: ನಾನಾ? ಬಿಟ್ಟಿದ್ದು ನೀನು!

ಹೆಂಡತಿ: ನನ್ನ ಕೈಯಲ್ಲಿ ತರಕಾರಿ ಚೀಲ ಇತ್ತು. ಛತ್ರಿ ನಿಮ್ಮ ಕಂಕುಳಲ್ಲಿತ್ತು.

ಗಂಡ: ಕಂಕುಳಲ್ಲಿ ಇದ್ದದ್ದು ಪೇಪರು! ಛತ್ರಿ ನಿನ್ನ ಕಾಲ ಹತ್ರ ಇಟ್ಟಿದ್ದೆ.

ಹೆಂಡತಿ: ಇಟ್ಟೋರು ಯಾರು? ನೀವು. ಇಟ್ಟೋರೇ ತಾನೇ ಎತ್ತಬೇಕು?

ಗಂಡ: ಕಾಲ ಹತ್ರ ಇದ್ದದ್ದನ್ನ ಕಾಲಿನೋರು ಎತ್ತಬೇಕು!

ಕಂಡಕ್ಟರು: ಆ ಬಿಳಿ ಹಿಡಿಕೆ ಛತ್ರೀನಾ? ಅದೀಗ...

ಇಬ್ಬರೂ: ನೀವು ಸುಮ್ನಿರಿ!

ಕಂಡಕ್ಟರು ಸುಮ್ಮನಾಗಿ ಕನ್ನಡಿ ನೋಡಿದ; ನೋಡಿ ಬಾಯಿ ತೆರೆದ. ಕೆಲಸ ಮುಗಿದುಹೋಗಿತ್ತು. ಸ್ಕೇಲು ಇಟ್ಟು ಗೆರೆ ಎಳೆದಷ್ಟು ನೆಟ್ಟಗೆ, ಎರಡೂ ಕಡೆ ಸರಿಸಮ. ಗಂಡ ತಾನು ಕತ್ತಿ ಆಡಿಸಿದ್ದನ್ನೇ ಅರಿಯದೆ ಇನ್ನೂ ಛತ್ರಿಯ ಹಿಡಿಕೆ ಎತ್ತ ಕಡೆ ತಿರುಗಿತ್ತೆಂದು ವಾದಿಸುತ್ತಿದ್ದ.

ಹೆಂಡತಿಗೆ ಮಾತ್ರ ತಲೆಯೊಳಗೆ ದೀಪ ಹತ್ತಿದಂತಾಯಿತು.

ಕಂಡಕ್ಟರು ಹೋದಮೇಲೆ ಗಂಡ ಮತ್ತೆ ಮೇಜಿನ ಮುಂದೆ ಕೂತ. ಆಕೆ ಪರೀಕ್ಷೆ ಮಾಡಿಯೇ ನೋಡೋಣವೆಂದು ಮೊದಲು ಬಾಯಿ ಮುಚ್ಚಿಕೊಂಡು ಹೊಲಿಗೆ ಯಂತ್ರಕ್ಕೆ ದಾರ ಪೋಣಿಸಿದಳು. ಪಚಕ್: ಅಜ್ಜಿ. ಪಚಕ್: ಹೂಕುಂಡ. ಗಂಡ ತನ್ನಷ್ಟಕ್ಕೆ 'ಬಾ ಮಗನೇ, ಬಾ' ಎಂದು ಗೊಣಗಿ ನೋಡಿದ. ಒಬ್ಬನೇ ಆಡಿಕೊಂಡ ಮಾತು ಕೆಲಸಕ್ಕೆ ಬರಲಿಲ್ಲ. ಪಚಕ್: ಮತ್ತೆ ಅಜ್ಜಿ.

ಹೆಂಡತಿ: ಹಿಡಿಕೆ ಬಿಳೀದಲ್ಲ, ಕೆನೆ ಬಣ್ಣ.

ಗಂಡ: ಬಿಳಿ! ನಾನೇ ಅಂಗಡೀಲಿ ಆರಿಸಿದ್ದು.

ಹೆಂಡತಿ: ನೀವು ಆರಿಸಿದ್ದು ಕರೀದು. ನಾನು ಬೇಡ ಅಂದೆ.

ಗಂಡ: ನೀನು ಬೇಡ ಅಂದಿದ್ದು ಹೂವಿಂದನ್ನ!

ಪಚಕ್, ಪಚಕ್, ಪಚಕ್, ಪಚಕ್. ನಾಲ್ಕು ಕಿಟಕಿ, ನಾಲ್ಕು ಕಳ್ಳರು, ನಾಲ್ಕೂ ಮೂಗಿನ ತುದಿಗೆ. ಅಜ್ಜಿ ಬಂದು ನಿರಾಳವಾಗಿ ನೀರು ಹಾಕಿ ಹೋದಳು.

ಗಂಡ: ಮಾತಾಡಿಸ್ಬೇಡ ಅಂದ್ನಲ್ಲ! ಏಕಾಗ್ರತೆ ಹಾಳಾಗುತ್ತೆ!

ಹೆಂಡತಿ: (ದಾರ ಕಚ್ಚಿ ತುಂಡರಿಸುತ್ತಾ) ಆಯ್ತು ಬಿಡಿ. ಇನ್ನು ಮಾತಾಡಲ್ಲ.

ಆ ಮನುಷ್ಯನ ಕೈ ಸರಿಯಾಗಿ ನಡೆಯಬೇಕಾದರೆ ಎದುರುತ್ತರ ಕೊಡುವವರು ಒಬ್ಬರು ಇರಲೇಬೇಕು. ಈ ಗುಟ್ಟು ಈಗ ಆಕೆಯ ಸೆರಗಿನ ಗಂಟಿನಲ್ಲಿತ್ತು. ಬಿಚ್ಚಿದರೆ ತಮ್ಮನ ಜುಟ್ಟು ಹೋಗುತ್ತದೆ. ಕಟ್ಟಿಟ್ಟರೆ ಆ ಹಾಳು ಮೀಸೆ ಹೋಗುತ್ತದೆ. ಸಂಜೆಯವರೆಗೆ ಆಕೆ ಹೊಲಿದ ಹೊಲಿಗೆಯೆಲ್ಲ ಸೊಟ್ಟಗಾಯಿತು.

ಸಂಜೆ ತಮ್ಮ ಬಂದ. ರೇಡಿಯೋ, ಟಿವಿ ರಿಪೇರಿ ಅವನ ಕೆಲಸ. ಬಾಗಿಲಲ್ಲೇ ಜುಟ್ಟನ್ನು ಎಡ ಭುಜದಿಂದ ಬಲ ಭುಜಕ್ಕೆ ಹಾಕಿಕೊಂಡ, ಶಾಲು ಬದಲಿಸಿದಂತೆ.

ತಮ್ಮ: ಭಾವ, ಕತ್ತಿ ಮಸೆದಿಟ್ಟಿದ್ದೀರಾ? ನಿಮ್ಮ ಮೀಸೇನ ಡಬ್ಬೀಲಿ ಹಾಕಿ ಮನೇಲಿ ಇಟ್ಕೋತೀನಿ, ನೆನಪಿಗೆ.

ಗಂಡ: ಮಸೆದಿಟ್ಟಿದ್ದೀನಯ್ಯಾ. ಯಾರಿಗೆ ಅಂತ ಆಮೇಲೆ ಗೊತ್ತಾಗುತ್ತೆ. ಮೊದಲು ಹೇಳು, ನೀನು ಹೇಳ್ಕೊಟ್ಟಿದ್ದೆಲ್ಲ ನಿಜಾನಾ, ನನ್ನ ಕೆಡಿಸೋಕೆ ಹೇಳಿದ್ದಾ?

ತಮ್ಮ: ಅಯ್ಯೋ ಭಾವ, ಎಲ್ಲಾ ನಿಜ! ನಾನೂ ಹಾಗೇ ಆಡೋದು. ಬೇಕಾದ್ರೆ ನೋಡಿ.

ಕೂತ, ಆಡಿದ. ತೋಳು ನೀರಿನಲ್ಲಿ ಮೀನು ಹರಿದಂತೆ ಹರಿಯಿತು. ಮೂವತ್ತು ಕಳ್ಳರಲ್ಲಿ ಇಪ್ಪತ್ತಾರು ಜನ ಟೊಮೇಟೊ ತಿಂದರು. ಅಜ್ಜಿಯ ಸೀರೆಗೆ ಒಂದು ಹನಿ ಸಿಡಿಯಲಿಲ್ಲ.

ತಮ್ಮ: ಈಗ ನೀವು. ಅಕ್ಕ, ಯಾರೂ ಮಾತಾಡೋ ಹಾಗಿಲ್ಲ. ಭಾವನಿಗೆ ಏಕಾಗ್ರತೆ ಬೇಕು.

ಗಂಡ: ಹೌದು ಕಣೇ, ನೀನು ಮಾತ್ರ ಬಾಯಿ ಬಿಡ್ಬೇಡ!

ಹೆಂಡತಿ ಮೇಜಿನ ತುದಿಯಲ್ಲಿ ಕೂತು ಚಹಾ ಸೋಸುತ್ತಿದ್ದಳು. ಅವರೇ ಬೇಡ ಅಂದಮೇಲೆ ತನ್ನ ತಪ್ಪೇನು? ಮೊದಲ ಕಳ್ಳ ಪಾರು. ಎರಡನೆಯವನ ಬದಲು ಹೂಕುಂಡ. ಅದರ ಬೆನ್ನಿಗೇ ಇನ್ನೊಂದು ಟೊಮೇಟೊ ಅಜ್ಜಿಯ ಕನ್ನಡಕಕ್ಕೇ ಬಡಿಯಿತು. ತಮ್ಮ ಕಿಸಕ್ಕೆಂದು ನಕ್ಕ.

ಆ ನಗೆ ಕೇಳಿ ಗಂಡ ತಿರುಗಿ ಹೆಂಡತಿಯನ್ನು ನೋಡಿದ. ಮೀಸೆಯ ಎರಡು ತುದಿಯೂ ಒದ್ದೆ ಬೆಕ್ಕಿನ ಬಾಲದಂತೆ ಜೋತುಬಿದ್ದಿದ್ದವು. ನಾಳೆ ಈ ಹುಡುಗ ಡಬ್ಬಿ ಹಿಡಿದು ನೆಂಟರ ಮನೆಮನೆಗೆಲ್ಲ ತೋರಿಸಿ ಬರುತ್ತಾನೆ. ಗಂಡ ಬೋರ್ಡಿನ ಕೆಳಗೆ ಬರಿದಾದ ತುಟಿ ಹೊತ್ತು ನಿಲ್ಲಬೇಕು. ತನ್ನ ಗಂಡ ಸೋಲುವುದಾದರೆ ತನ್ನ ಮುಂದೆ ಸೋಲಲಿ, ತನ್ನ ತಮ್ಮನ ಮುಂದೆ ಯಾಕೆ ಸೋಲಬೇಕು?

ಚಹಾದ ಪಾತ್ರೆಯನ್ನು ಟಣ್ಣೆಂದು ಕುಕ್ಕಿದಳು.

ಹೆಂಡತಿ: ಛತ್ರಿ ಬಿಟ್ಟು ಬಂದದ್ದೂ ಸಾಲದು ಅಂತ, ವಾಪಸ್ ತರೋಕೆ ಹೋಗಿ ಟೋಪಿ ಬೇರೆ ಬಿಟ್ಟು ಬಂದ್ರಿ!

ಗಂಡ: ಟೋಪಿ ಬಿಟ್ಟಿಲ್ಲ! ಗಾಳಿಗೆ ಹೋಯ್ತು!

ಪಚಕ್!

ತಮ್ಮ: ಅಕ್ಕ, ಮಾತಾಡ್ಬಾರ್ದು...

ಹೆಂಡತಿ: ನೀನು ಸುಮ್ನಿರೋ, ಗಂಡ ಹೆಂಡಿರ ಮಧ್ಯೆ ನಿನಗೇನು? ಯಾವ ಗಾಳಿ ರೀ? ಅವತ್ತು ಎಲೆ ಅಲ್ಲಾಡ್ತಿರಲಿಲ್ಲ.

ಗಂಡ: ಬಸ್ಸಿನ ಕಿಟಕೀಲಿ ಗಾಳಿ ಬರಲ್ವಾ?

ಪಚಕ್! ಪಚಕ್!

ಹೆಂಡತಿ: ಬಸ್ಸು ನಿಂತಿತ್ತು!

ಗಂಡ: ನಿಲ್ಲೋಕೆ ಮುಂಚೆ ಓಡ್ತಿತ್ತು!

ಪಚಕ್! ಪಚಕ್! ಪಚಕ್!

ಹೆಂಡತಿ: ಓಡೋ ಬಸ್ಸಿಂದ ತಲೆ ಹೊರಗೆ ಹಾಕೋರು ಯಾರಾದ್ರೂ ಇದ್ದಾರಾ, ನೀವೇನ್ ಮಗುವಾ?

ಗಂಡ: ನೀನೇ ಹೇಳಿದ್ದು, ಛತ್ರಿ ಎಲ್ಲಾದ್ರೂ ಬಿದ್ದಿದ್ಯಾ ನೋಡಿ ಅಂತ!

ಕಳ್ಳರು ತಲೆ ಹಾಕುವುದೊಂದೇ ತಡ, ಟೊಮೇಟೊ ಕಾದು ನಿಂತಿರುತ್ತಿತ್ತು. ತಮ್ಮ ಎರಡೂ ಕೈಯಲ್ಲಿ ಜುಟ್ಟು ಹಿಡಿದುಕೊಂಡು ಅಕ್ಕನ ಮುಖ ಒಮ್ಮೆ, ಕಂಪ್ಯೂಟರು ಒಮ್ಮೆ ನೋಡುತ್ತ ಕೂತ. ಆಟ ಮುಗಿದು ಕಂಪ್ಯೂಟರಿನ ಪರದೆಯ ಮೇಲೆ ಇಪ್ಪತ್ತೇಳು ಎಂದು ಮೂಡಿದಾಗಲೂ ಗಂಡ ಅತ್ತ ನೋಡಲಿಲ್ಲ.

ಗಂಡ: ಅದೂ ಅಲ್ಲದೆ ಆ ಟೋಪಿ ನಿಮ್ಮಪ್ಪ ಕೊಟ್ಟಿದ್ದು, ದೊಗಳೆ! ತಲೆ ಅಲ್ಲಾಡಿಸಿದ್ರೆ ಅದೊಂದು ಕಡೆ, ನಾನೊಂದು ಕಡೆ!

ತಮ್ಮ: ಭಾವ... ಗೆದ್ರಿ.

ಗಂಡ: ಯಾರು?

ತಮ್ಮ: ನೀವೇ. ಇಬ್ಬರು ಸೇರ್ಕೊಂಡು.

ಗಂಡ: ಇಬ್ಬರು ಯಾಕೆ? ಅಭ್ಯಾಸ ಕಣಯ್ಯಾ! ಅವಳ ಬೊಬ್ಬೆ ಇಲ್ದಿದ್ರೆ ಮೂವತ್ತಕ್ಕೆ ಮೂವತ್ತೂ ಹೊಡೀತಿದ್ದೆ. ನಡಿ, ಕುರ್ಚೀಲಿ ಕೂತ್ಕೋ.

ಸಲೂನಿನ ದೀಪ ಹಾಕಿದರು. ಬಿಳಿ ಬಟ್ಟೆ ಹೊದ್ದು ಕುರ್ಚಿಯಲ್ಲಿ ಕೂತ ತಮ್ಮ, ಗಂಡ ತುಟಿ ಬಿಗಿದು ಕತ್ತರಿ ಎತ್ತಿದ್ದನ್ನು ಕನ್ನಡಿಯಲ್ಲಿ ಕಂಡ. ಕತ್ತರಿ ಜುಟ್ಟಿನ ಕಡೆಗಲ್ಲ, ಕಿವಿಯ ಕಡೆಗೆ ಬರುತ್ತಿತ್ತು.

ತಮ್ಮ: ಅಕ್ಕಾ! ಭಾವನ ಹತ್ರ ಜಗಳ ಆಡು! ನಿನ್ನ ಕಾಲಿಗೆ ಬೀಳ್ತೀನಿ, ನನ್ನ ಕಿವಿ ಉಳಿಸು!

ಹೆಂಡತಿ: ನಿಮ್ಮ ಪೇಪರೂ ಅದೇ ಬಸ್ಸಲ್ಲೇ ಹೋಯ್ತು ಅನ್ನೋದು ಮರೆತೇಬಿಟ್ರಾ?

ಗಂಡ: ಪೇಪರನ್ನ ನಾನು ಓದಿ ಮುಗಿಸಿದ್ದೆ!

ಕಚಕ್. ಜುಟ್ಟು ನೆಲಕ್ಕೆ ಬಿತ್ತು. ಕಿವಿಗಳು ಹುಟ್ಟಿದಾಗ ಇದ್ದಲ್ಲೇ ಇದ್ದವು. ತಮ್ಮ ಕತ್ತು ಮುಟ್ಟಿಕೊಂಡು, 'ತಲೆ ಹಗುರಾಯ್ತು ಅಕ್ಕ' ಎನ್ನುತ್ತ ಮನೆಗೆ ಹೋದ. ತಲೆಗಿಂತ ಮುಖ ಭಾರವಾಗಿತ್ತು ಅಷ್ಟೆ.

ಗೆದ್ದ ಗಂಡನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕನ್ನಡಿಯ ಮುಂದೆ ನಿಂತು ಮೀಸೆಗೆ ಎಣ್ಣೆ ಹಚ್ಚಿ, ಸಣ್ಣ ಕತ್ತರಿ ತೆಗೆದುಕೊಂಡ.

ಗಂಡ: ಗೆದ್ದ ಮೀಸೆ ಕಣೇ ಇದು! ತುದಿ ಒಂಚೂರು ಚೂಪು ಮಾಡ್ತೀನಿ. ಏನಂತೀಯ?

ಹೆಂಡತಿ ಪರದೆಗೆ ಒರಗಿ ನಿಂತಿದ್ದಳು. ಏನೂ ಅನ್ನಲಿಲ್ಲ.

ಗಂಡ: ಎಡಗಡೆ ಜಾಸ್ತಿ ಇದೆಯೋ, ಬಲಗಡೆಯೋ?

ಮೌನ. ಕತ್ತರಿಯ ತುದಿ ಅದುರಿತು.

ಗಂಡ: ಏನಾದ್ರೂ ಹೇಳೇ. ಮೀಸೆ ಚೆನ್ನಾಗಿಲ್ಲ ಅಂತಾದ್ರೂ ಬೈಯಿ.

ಮೌನ. ಆಕೆ ಕಿಟಕಿಯಾಚೆ ಬೀದಿ ನೋಡುತ್ತಿದ್ದಳು, ಜನ್ಮದಲ್ಲೇ ಬೀದಿ ನೋಡದವಳ ಹಾಗೆ.

ಗಂಡ: ಟೋಪಿ ವಿಷಯ ತೆಗಿ! ಪೇಪರ್ ವಿಷಯ ತೆಗಿ! ಅಯ್ಯೋ, ಕೈ ನಿಲ್ತಿಲ್ಲ ಕಣೇ! ಸರಿ, ಹೋಗ್ಲಿ, ಒಪ್ಕೊಂಡೆ! ಛತ್ರಿ ಬಿಟ್ಟು ಬಂದವನು ನಾನೇ! ಈಗಲಾದ್ರೂ ಒಂದು ಮಾತು...

ಕಚಕ್.

ಎಡಗಡೆಯ ಮೀಸೆ ಹಾರಿ, ತಮ್ಮನ ಜುಟ್ಟಿನ ಪಕ್ಕದಲ್ಲೇ ಹೋಗಿ ಕೂತಿತು. ಗಂಡ ಕನ್ನಡಿ ನೋಡಿದ. ಕನ್ನಡಿ ಅವನನ್ನು ನೋಡಿತು. ಒಂದು ಕಡೆ ಸಲೂನಿನ ಬೋರ್ಡು, ಇನ್ನೊಂದು ಕಡೆ ಆಗತಾನೇ ಶಾಲೆಗೆ ಸೇರಿದ ಹುಡುಗ. ಉಳಿದ ಬಲಗಡೆಯನ್ನು ಇಟ್ಟುಕೊಂಡು ಮಾಡುವುದೇನು? ತಾನೇ ತೆಗೆದ.

ಹೆಂಡತಿ ಒಳಗೆ ಹೋದವಳು ಚಹಾ ಹಿಡಿದು ಬಂದಳು. ಉಳಿದಿದ್ದ ಒಂದೇ ಲೋಟದ ತುಂಬ, ತುಳುಕುವಷ್ಟು.

ಹೆಂಡತಿ: ಕುಡೀರಿ. ಇವತ್ತು ಪೂರ್ತಿ ನಿಮ್ಮ ಹೊಟ್ಟೆಗೇ ಹೋಗುತ್ತೆ.

ಗಂಡ ಕುಡಿದ. ಖಾಲಿ ಲೋಟ ಕೆಳಗಿಟ್ಟು ಬರಿದಾದ ತುಟಿ ಸವರಿಕೊಂಡ. ಆಕೆ ಸೆರಗು ಸರಿಮಾಡಿಕೊಂಡು, ಎದುರಿನ ಗಿರಾಕಿ ಕುರ್ಚಿಯಲ್ಲಿ ಆರಾಮಾಗಿ ಕೂತಳು.

ಹೆಂಡತಿ: ಈಗ ಹೇಳಿ. ಆಗ ಬೀದಿ ಗಲಾಟೇಲಿ ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಛತ್ರಿ ಬಿಟ್ಟು ಬಂದವರು ಯಾರು ಅಂದ್ರಿ?